ಮಗ್ಗದ ಕೆಳಗಿನ ಕನ್ನಡಿ

ಸೇಲಂ ಅಮ್ಮಾಪೇಟೆಯ ನೇಕಾರರ ಬೀದಿಯಲ್ಲಿ ಯಾವುದನ್ನೇ ಕೈಗೆ ಕೊಡಿ, ಜನ ಮೊದಲು ಅದನ್ನು ತಿರುಗಿಸಿ ಹಿಂಭಾಗ ನೋಡುತ್ತಾರೆ. ಸೀರೆ ಕೊಟ್ಟರೆ ಸರಿ, ಅದು ಅವರ ಕಸುಬು. ಮದುವೆ ಕಾಗದ ಕೊಟ್ಟರೂ ತಿರುಗಿಸುತ್ತಾರೆ, ಇಡ್ಲಿ ಕೊಟ್ಟರೂ ತಿರುಗಿಸುತ್ತಾರೆ. ಮುಂಭಾಗವನ್ನು ಯಾರು ಬೇಕಾದರೂ ಚೆನ್ನಾಗಿ ತೋರಿಸಬಹುದು, ನೂಲು ಎಲ್ಲಿ ಕಡಿದಿದೆ, ಎಲ್ಲಿ ಗಂಟು ಬಿದ್ದಿದೆ ಎನ್ನುವುದು ಹಿಂದೆಯೇ ಗೊತ್ತಾಗುವುದು ಎಂದು ಅವರ ನಂಬಿಕೆ. ಇಂಥ ಬೀದಿಯಲ್ಲಿ ಹುಟ್ಟಿ, ನಾನು ಚಿತ್ರ ಬರೆಯುವುದನ್ನು ಕಲಿಯುತ್ತೇನೆ ಎಂದು ಹೊರಟವಳು ರಾಜಾತಿ. ಎದೆಗಾರಿಕೆ ಅಂದರೆ ಇದು ತಾನೆ?

ಆಗ 1971. ರಾಜಾತಿಗೆ ಹತ್ತೊಂಬತ್ತು ವರ್ಷ. ಅಪ್ಪ ಅಣ್ಣಯ್ಯಪ್ಪ ಸೀರೆ ನೇಯುವವನು. ಅಂಚಿನಲ್ಲಿ ನವಿಲು, ಆನೆ, ಮಾವಿನಕಾಯಿ ತೆಗೆಯುವುದರಲ್ಲಿ ಆ ಬೀದಿಗೆಲ್ಲ ಅವನದೇ ಎತ್ತಿದ ಕೈ. ಅವ್ವ ರಾಮಕ್ಕ ನೂಲಿಗೆ ಗಂಜಿ ಹಾಕುತ್ತಿದ್ದಳು. ಅಜ್ಜಿ ಮುನಿರತ್ನಮ್ಮ, ಅಂದರೆ ಅಣ್ಣಯ್ಯಪ್ಪನ ತಾಯಿ, ಬಾಗಿಲ ಪಕ್ಕದಲ್ಲಿ ರಾಟೆ ಇಟ್ಟುಕೊಂಡು ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಜಗಳವಾಡುವಾಗ ಎರಡನ್ನೂ ಕಲಸಿ ಆಡುತ್ತಿದ್ದರು, ಒಂದೇ ಭಾಷೆ ಸಾಲುತ್ತಿರಲಿಲ್ಲ.

ಈ ಅಜ್ಜಿಯ ವಿಷಯ ಸ್ವಲ್ಪ ಹೇಳಲೇಬೇಕು. ಗಂಡ ತೀರಿಕೊಂಡ ಮೇಲೆ ಕುಂಕುಮ ಬಿಟ್ಟು ವಿಭೂತಿ ಇಟ್ಟಳೇ ಹೊರತು ಮೂಗುತಿ ಬಿಡಲಿಲ್ಲ, ಕಡುಗೆಂಪು ನೇರಳೆ ಕಲಸಿದ ತನ್ನ ವಾಡಾಮಲ್ಲಿ ಬಣ್ಣದ ಸೀರೆಯನ್ನೂ ಬಿಡಲಿಲ್ಲ. ಬೀದಿ ಎರಡು ದಿನ ಗುಸುಗುಸು ಮಾಡಿತು. ಈ ಸೀರೆ ನೇಯ್ದವನು ನನ್ನ ಗಂಡ, ನೂಲು ಸುತ್ತಿದವಳು ನಾನು, ನಿಮ್ಮದೇನು ಹೋಯಿತು ಎಂದು ಕೇಳಿದಳು. ಬೀದಿ ತನ್ನ ಮಗ್ಗಕ್ಕೆ ಮರಳಿತು. ಬಲಗೆನ್ನೆಯ ಮೇಲೆ ಅವರೆಕಾಳಿನಷ್ಟು ಮಚ್ಚೆ. ಹಿಂದೊಂದು ಕಾಲದಲ್ಲಿ ಭಾರದ ಓಲೆ ಹಾಕಿ ಹಾಕಿ ಎಡಗಿವಿಯ ಹಾಲೆ ಹರಿದು ಎರಡಾಗಿತ್ತು. ಎಲೆಯಡಿಕೆ ಯಾವಾಗಲೂ ಎಡದವಡೆಯಲ್ಲೇ ಇರುತ್ತಿದ್ದರಿಂದ ಆ ಕೆನ್ನೆ ಸದಾ ಉಬ್ಬಿರುತ್ತಿತ್ತು. ಸುಂದರಿ ಎಂದು ನಾನು ಹೇಳಲಾರೆ, ಆದರೆ ಒಮ್ಮೆ ನೋಡಿದರೆ ಮರೆಯುವ ಮುಖವಲ್ಲ.

ಇನ್ನು ಆ ಮನೆಯ ಕನ್ನಡಿ. ಮಗ್ಗದ ಮೇಲೆ ಸೀರೆ ಮುಖ ಕೆಳಗೆ ಮಾಡಿಕೊಂಡು ಮಲಗಿರುತ್ತದೆ, ನೇಯುವವನಿಗೆ ಕಾಣುವುದು ಅದರ ಬೆನ್ನು. ನವಿಲಿನ ಅಂದಚಂದವೆಲ್ಲ ಕೆಳಗೆ, ಕಾಲಿಡುವ ಗುಂಡಿಯ ಕತ್ತಲಲ್ಲಿ. ಸರಿಯಾಗಿ ಬರುತ್ತಿದೆಯೋ ಇಲ್ಲವೋ ನೋಡಬೇಕೆಂದರೆ ನೇಯ್ಗೆಯ ಅಡಿಯಲ್ಲಿ ಕೈಗನ್ನಡಿ ಹಿಡಿದು ಬಗ್ಗಿ ನೋಡಬೇಕು. ಅಣ್ಣಯ್ಯಪ್ಪನ ಮನೆಯಲ್ಲಿ ಇದ್ದದ್ದು ಆ ಒಂದೇ ಕನ್ನಡಿ. ಬೆಳಗ್ಗೆ ಮುಖ ತೊಳೆದ ಮೇಲೆ ಮುನಿರತ್ನಮ್ಮ ಮಗ್ಗದ ಅಡಿಗೆ ಕೈ ಹಾಕಿ ಅದನ್ನು ಎಳೆದುಕೊಂಡು ವಿಭೂತಿ ಇಟ್ಟುಕೊಳ್ಳುತ್ತಿದ್ದಳು, ವಾಪಸ್ಸು ಇಡುವುದನ್ನು ಮರೆಯುತ್ತಿದ್ದಳು. ಹತ್ತು ಗಂಟೆಗೆ ಅಣ್ಣಯ್ಯಪ್ಪ ಕನ್ನಡಿ ಎಲ್ಲಿ ಎಂದು ಕೂಗುತ್ತಿದ್ದ. ಇದು ಮೂವತ್ತು ವರ್ಷದಿಂದ ತಪ್ಪದೆ ನಡೆದು ಬಂದ ಜಗಳ.

ರಾಜಾತಿಗೆ ಎಂಟು ವರ್ಷವಾದಾಗಿನಿಂದ ಅಪ್ಪನ ಡಿಸೈನ್ ಕೆಲಸದಲ್ಲಿ ಅವಳದೂ ಕೈ. ಗ್ರಾಫ್ ಪೇಪರಿನಲ್ಲಿ ಒಂದು ಚೌಕ ಅಂದರೆ ಒಂದು ಎಳೆ. ಚೌಕಕ್ಕೆ ಬಣ್ಣ ತುಂಬಿ ನವಿಲು ತೆಗೆಯಬೇಕು. ಬಟ್ಟೆ ಬೋರಲಾಗಿ ನೇಯುವುದರಿಂದ ಕಾಗದದ ಮೇಲೆ ಎಲ್ಲವನ್ನೂ ತಿರುಗಿಸಿ ಬರೆಯಬೇಕು. ನವಿಲು ಸೀರೆಯಲ್ಲಿ ಬಲಕ್ಕೆ ನೋಡಬೇಕಾದರೆ ಕಾಗದದಲ್ಲಿ ಎಡಕ್ಕೆ ನೋಡಬೇಕು. ಮೊದಮೊದಲು ಯೋಚಿಸಿ ತಿರುಗಿಸುತ್ತಿದ್ದಳು. ವರ್ಷ ಕಳೆದಂತೆ ಯೋಚನೆಯೂ ಬೇಕಿರಲಿಲ್ಲ, ಕೈ ತನ್ನಷ್ಟಕ್ಕೆ ತಾನೇ ತಿರುಗಿಸಿಬಿಡುತ್ತಿತ್ತು.

ಶೆವ್ವಾಪೇಟೆಯಲ್ಲಿ ರಾಜಗೋಪಾಲ್ ಮಾಸ್ಟರ್ ಎಂಬುವವರ ಡ್ರಾಯಿಂಗ್ ಕ್ಲಾಸು. ಕೆಳಗೆ ಕಾಲಿಗೆ ಹಾಕುವ ಬೆಳ್ಳಿ ಕೊಲುಸು ಮಾಡುವ ಅಂಗಡಿ, ಮೇಲೆ ಒಂದೇ ಕೋಣೆ. ಎರಡು ವರ್ಷ ಕಲಿತು ಸರ್ಕಾರದ ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದರೆ ಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಬಹುದು. ದಿನವೂ ಟೌನ್ ಬಸ್ಸಿನಲ್ಲಿ ಹೋಗಿ, ಸುತ್ತಿಗೆಯ ಟಣಟಣ ಸದ್ದಿನ ಮೇಲೆ ಕೂತು, ರಾಜಾತಿ ಹೂಜಿ ಬರೆದಳು, ಬಾಳೆಹಣ್ಣು ಬರೆದಳು, ಮಾಸ್ಟರ ಕೊಡೆ ಬರೆದಳು. ಮೊದಲ ವಾರವೇ ನಗೆಪಾಟಲಾದಳು. ಹೂಜಿಯ ಹೊಟ್ಟೆ ದುಂಡಗಿರಬೇಕಲ್ಲವೆ, ಇವಳದು ಮೆಟ್ಟಿಲು ಮೆಟ್ಟಿಲಾಗಿತ್ತು. ಎರಡು ಚೌಕ ಪಕ್ಕಕ್ಕೆ, ಒಂದು ಚೌಕ ಮೇಲಕ್ಕೆ. ಈ ಹೂಜಿಯನ್ನು ಹತ್ತಿಕೊಂಡು ಮೊದಲನೇ ಮಹಡಿಗೆ ಹೋಗಬಹುದು ಎಂದರು ಮಾಸ್ಟರು. ಕ್ಲಾಸಿಗೆ ಕ್ಲಾಸೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ರಾಜಾತಿಯೂ ನಕ್ಕಳು, ಅವಳ ದೊಡ್ಡ ಗುಣ ಅದು. ಮನೆಗೆ ಬಂದು ಅಜ್ಜಿಯ ರಾಟೆಯ ಚಕ್ರವನ್ನು ನೂರು ಸಲ ಬರೆದು ಬರೆದು ದುಂಡಗೆ ಮಾಡಿದಳು.

ಬಣ್ಣದ ವಿಷಯದಲ್ಲಿ ಮಾತ್ರ ಅವಳ ಹತ್ತಿರ ಯಾರೂ ಸುಳಿಯುವ ಹಾಗಿರಲಿಲ್ಲ. ಮಾಸ್ಟರು ಬಣ್ಣದ ಟ್ಯೂಬಿನ ಮೇಲಿನ ಇಂಗ್ಲಿಷ್ ಹೆಸರು ಹೇಳಿದರೆ ಇವಳು ಅದನ್ನು ಮನಸ್ಸಿನಲ್ಲೇ ಬದಲಾಯಿಸಿಕೊಳ್ಳುತ್ತಿದ್ದಳು. ಇದು ನವಿಲುಕತ್ತಿನ ಬಣ್ಣ, ಇದು ಬದನೆ ಹೂವು, ಇದು ಮಾವಿನ ಚಿಗುರು, ಇದು ನಮ್ಮ ಅಜ್ಜಿಯ ಸೀರೆ. ಉದ್ದದ ಹಾಸಿನ ಎಳೆಗೆ ಒಂದು ಬಣ್ಣ, ಅಡ್ಡದ ಹೊಕ್ಕಿನ ಎಳೆಗೆ ಇನ್ನೊಂದು ಬಣ್ಣ ಹಾಕಿ ನೇಯ್ದರೆ ಮೂರನೆಯದೊಂದು ಬಣ್ಣ ಮಿಂಚುತ್ತದೆ ಎಂದು ಅವಳು ಕೂಸಾಗಿದ್ದಾಗಿನಿಂದ ಬಲ್ಲಳು. ಕೆಂಪಿನ ಮೇಲೆ ನೀಲಿಯನ್ನು ತೆಳ್ಳಗೆ ಎಳೆಯೆಳೆಯಾಗಿ ಹಚ್ಚಿ ಅವಳು ಬದನೆಕಾಯಿ ಬರೆದ ದಿನ ಮಾಸ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವತ್ತು ಅವಳಿಗಾದ ಸಂತೋಷ ಬಸ್ಸಿನಲ್ಲಿ ಹಿಡಿಸಲಿಲ್ಲ. ಒಂದು ಸ್ಟಾಪು ಮೊದಲೇ ಇಳಿದು ನಡೆದುಕೊಂಡು ಬಂದಳು.

ಆದರೆ ಒಂದು ವರ್ಷ ಮುಗಿಯುತ್ತ ಬಂದಾಗ ಅಣ್ಣಯ್ಯಪ್ಪ ತಗಾದೆ ತೆಗೆದ. ಅವನ ತಮ್ಮ ಎಡಪ್ಪಾಡಿಗೆ ಹೋಗಿ ನೆಲೆಸಿದ್ದರಿಂದ ಎರಡನೇ ಮಗ್ಗ ಖಾಲಿ ಬಿದ್ದಿತ್ತು. ಮಗಳ ಕೈ ಎಂಥದ್ದೆಂದು ಅವನಿಗೆ ಗೊತ್ತು, ಅಂಥ ಕೈ ಹೂಜಿ ಬರೆದುಕೊಂಡು ಕೂತರೆ ಯಾವ ನೇಕಾರನಿಗೆ ತಾನೆ ಹೊಟ್ಟೆ ಉರಿಯುವುದಿಲ್ಲ? ಕೆಟ್ಟವನಲ್ಲ ಅವನು. ಬಾಗಿಲು ಹಾಕಿಬಿಡುವ ಜಾತಿಯವನೂ ಅಲ್ಲ. ಊಟಕ್ಕೆ ಕೂತಾಗ ನ್ಯಾಯವಾದದ್ದೇ ಒಂದು ಮಾತು ಹೇಳಿದ.

"ನಾನು ಅಂಚು ನೇಯ್ದ್ರೆ ನೋಡ್ದೋರು ಇದು ನವಿಲು ಅಂತಾರೆ, ಇದು ಆನೆ ಅಂತಾರೆ. ನಾನು ಬಾಯ್ಬಿಟ್ಟು ಯೋಳೋ ಅಂಗಿಲ್ಲ. ನೀನೂ ಅಂಗೇ ಒಂದು ಮಕ ಬರಿ. ಈ ಬೀದೀಲಿ ಇರೋರ್ದೇ ಯಾರ್ದಾದ್ರೂ ಸರಿ. ಪೊಂಗಲ್ ಮಾರ್ನೇ ದಿನ ಜಗುಲಿ ಮೇಲೆ ಇಡಾನ. ನೀನು ಯೋಳ್ದೆಲೆ ಇದು ಇಂಥೋರು ಅಂತ ಅವರಾಗೇ ಅಂದ್ರೆ, ಇನ್ನೊಂದು ವರ್ಸ ಓಗು. ಇಲ್ಲಾಂದ್ರೆ ಎರಡ್ನೇ ಮಗ್ಗಕ್ಕೆ ಕೂತ್ಕೋ."

ರಾಜಾತಿ ಆಗಲಿ ಎಂದಳು. ಪೊಂಗಲ್‌ಗೆ ಇನ್ನೂ ಮೂರು ತಿಂಗಳಿತ್ತು. ಮೂರು ತಿಂಗಳಲ್ಲಿ ಒಂದು ಮುಖ ಬರೆಯುವುದೇನು ಮಹಾ ಎಂದುಕೊಂಡಳು ಹುಡುಗಿ.

ಬರೆಯಲು ಕೂತರೆ ಒಂದು ಮುಖವೂ ಬರಲಿಲ್ಲ. ಅವ್ವ ಕೂತಲ್ಲಿ ಕೂರುವವಳಲ್ಲ, ಕಾಲಿಗೆ ಚಕ್ರ ಕಟ್ಟಿಕೊಂಡವಳು. ಎದುರು ಮನೆಯ ಪಳನಿಸ್ವಾಮಿ ಮಾವನನ್ನು ಬರೆದರೆ ಅವನ ಮೀಸೆ ಮಾತ್ರ ಬಂತು, ಮಾವ ಬರಲಿಲ್ಲ. ಸ್ಫೂರ್ತಿ ಇಲ್ಲದೆ ಕುಂಚ ಹಿಡಿಯಬಾರದು, ಪ್ರಕೃತಿಯ ಹತ್ತಿರ ಹೋಗಿ ಎಂದು ಮಾಸ್ಟರು ಒಂದು ಭಾನುವಾರ ಕ್ಲಾಸನ್ನೆಲ್ಲ ಬಸ್ಸು ಹತ್ತಿಸಿ ಏರ್ಕಾಡಿಗೆ ಕರೆದುಕೊಂಡು ಹೋದರು. ಸ್ಫೂರ್ತಿ ಎಂಬುದು ಅಷ್ಟು ಎತ್ತರದಲ್ಲಿ ಇರುತ್ತದೆಂದು ರಾಜಾತಿಗೆ ಅವತ್ತೇ ಗೊತ್ತಾದದ್ದು. ಘಾಟಿಯ ತಿರುವು ತಿರುವಿಗೂ ಕ್ಲಾಸಿನ ಒಬ್ಬೊಬ್ಬರು ಕಿಟಕಿಯಾಚೆ ತಲೆ ಹಾಕಿ ವಾಂತಿ ಮಾಡಿದರು. ಮೇಲೆ ಹೋದರೆ ಮಂಜು. ಕಾಫಿ ಗಿಡ ಅರ್ಧ ಕಾಣುತ್ತಿತ್ತು, ಮೆಣಸಿನ ಬಳ್ಳಿ ಕಾಲುಭಾಗ, ಬೆಟ್ಟ ಕಾಣಲೇ ಇಲ್ಲ.

ಎಲ್ಲರೂ ಗಂಭೀರವಾಗಿ ಕೂತು ಮಂಜು ಬರೆದರು. ರಾಜಾತಿಯೂ ಕೂತಳು. ಅವಳಿಗೆ ಮಂಜಿನಲ್ಲಿ ಹಿಡಿಯಲು ಒಂದು ಎಳೆಯೂ ಸಿಕ್ಕಲಿಲ್ಲ. ಹಚ್ಚಿದ ಬಣ್ಣ ಆ ಥಂಡಿಗೆ ಒಣಗದೆ ಕಾಗದದ ಮೇಲೆ ಹರಿದು ಮಡಿಲಿಗೆ ಇಳಿಯಿತು. ಹಾಗೆಂದು ಅವಳೇನೂ ಮುಖ ಊದಿಸಿಕೊಂಡು ಕೂರಲಿಲ್ಲ. ಕಿತ್ತಳೆ ಕೊಂಡು ತಿಂದಳು, ಎಸ್ಟೇಟಿನ ಹೆಂಗಸರು ಗೋಣಿಚೀಲವನ್ನು ತಲೆಗೆ ಕೊಪ್ಪೆ ಹಾಕಿಕೊಂಡು ಸಾಲಾಗಿ ಇಳಿದು ಬರುವುದನ್ನು ಕಣ್ತುಂಬ ನೋಡಿದಳು, ಸಾಯಂಕಾಲದ ಬಸ್ಸಿಗೆ ಹಾಡಿಕೊಂಡು ಇಳಿದಳು. ಇನ್ನು ಮುಖ ಬರೆಯುವ ವಿಷಯ ನಾಳೆ ನೋಡೋಣ ಎಂದುಕೊಂಡಳು.

ಆ ನಾಳೆಯೇ ಅದು ಆದದ್ದು. ಬೆಳಗ್ಗೆ ಅಪ್ಪನಿಗಾಗಿ ಗ್ರಾಫ್ ಪೇಪರಿನಲ್ಲಿ ಹೊಸ ಅಂಚಿನ ಡಿಸೈನ್ ತುಂಬುತ್ತ ಕೂತಿದ್ದಳು. ಬಾಗಿಲಿನಿಂದ ಎಳೆಬಿಸಿಲು ಬಂದು ಅಜ್ಜಿಯ ಮೇಲೆ ಬಿದ್ದಿತ್ತು. ಅಜ್ಜಿ ಕಂಡಿಕೆ ಸುತ್ತುತ್ತಾ, ಊರಿಗೆ ಉಕ್ಕಿನ ಕಾರ್ಖಾನೆ ಬರುತ್ತದಂತೆ, ಅದರಲ್ಲಿ ಮಗ್ಗ ಮಾಡುತ್ತಾರಾ ಎಂದು ಯಾರನ್ನೋ ಕೇಳುತ್ತಿದ್ದಳು. ಸುತ್ತುತ್ತಿದ್ದ ನೂಲು ಬದನೆ ಹೂವಿನ ಬಣ್ಣದ್ದು, ಉಟ್ಟಿದ್ದ ಸೀರೆ ವಾಡಾಮಲ್ಲಿ, ಬಿಸಿಲು ಅರಿಶಿನ. ಆ ಸೀರೆಯ ಕೆಂಪು ಗದ್ದದ ಅಡಿಗೆ ಬಂದು, ಕತ್ತಿನ ಸುಕ್ಕಿನಲ್ಲೆಲ್ಲ ಹರಿದು, ಕಪ್ಪು ಚರ್ಮವೇ ಒಳಗಿನಿಂದ ಬೆಳಗುತ್ತಿದೆಯೇನೋ ಎನ್ನುವಂತಿತ್ತು. ಹತ್ತೊಂಬತ್ತು ವರ್ಷ ದಿನಾ ನೋಡಿದ ಮುಖ. ರಾಜಾತಿಗೆ ಅವತ್ತು ಅದು ಕಂಡಿತು. ಅಲ್ಲ, ಇದಕ್ಕಾಗಿ ನಾನು ಬೆಟ್ಟ ಹತ್ತಿ ಬಂದೆನಲ್ಲ ಎಂದು ಅವಳಿಗೆ ನಗು ತಡೆಯಲಾಗಲಿಲ್ಲ.

ಅಜ್ಜಿಗೆ ಹೇಳಿದರೆ ಕೆಲಸ ಕೆಟ್ಟಿತು. ಅವಳು ತಲೆ ಬಾಚಿಕೊಂಡು, ಎಲೆಯಡಿಕೆ ಉಗಿದು, ಬೆನ್ನು ನೆಟ್ಟಗೆ ಮಾಡಿಕೊಂಡು ಕಲ್ಲಿನ ಹಾಗೆ ಕೂತುಬಿಡುತ್ತಾಳೆ. ಆದ್ದರಿಂದ ಗುಟ್ಟಾಗಿಯೇ ಮಾಡಬೇಕಿತ್ತು. ದಿನಾ ಬೆಳಗ್ಗೆ ಅಪ್ಪನ ಡಿಸೈನ್ ಹಾಳೆಯ ಕೆಳಗೆ ಇನ್ನೊಂದು ಗ್ರಾಫ್ ಹಾಳೆ ಇಟ್ಟುಕೊಂಡು, ಅಜ್ಜಿಯ ಕಡೆ ಒಂದು ನೋಟ, ಕಾಗದದ ಕಡೆ ಒಂದು ನೋಟ, ಚೌಕಕ್ಕೆ ಚೌಕ ಲೆಕ್ಕ ಹಾಕಿ ಮೂಗು, ಕಣ್ಣು, ಹರಿದ ಕಿವಿ, ಉಬ್ಬಿದ ಕೆನ್ನೆ ಎಲ್ಲ ಇಳಿಸಿಕೊಂಡಳು. ಅಪ್ಪ ಏನೆಂದು ಕೇಳಿದರೆ ಆನೆ ಎನ್ನುತ್ತಿದ್ದಳು. ಮಗಳು ಇಷ್ಟು ಶ್ರದ್ಧೆಯಿಂದ ಆನೆ ಬರೆಯುವುದು ನೋಡಿ ಅಣ್ಣಯ್ಯಪ್ಪನಿಗೆ ಎರಡನೇ ಮಗ್ಗದ ಆಸೆ ಇನ್ನಷ್ಟು ಚಿಗುರಿತು.

ಆ ಗ್ರಾಫ್ ಹಾಳೆಯನ್ನು ಕ್ಲಾಸಿಗೆ ಒಯ್ದು, ಅದನ್ನು ನೋಡಿಕೊಂಡು ದೊಡ್ಡ ಕಾಗದದ ಮೇಲೆ ಬಣ್ಣದಲ್ಲಿ ಬರೆಯತೊಡಗಿದಳು. ಎರಡು ತಿಂಗಳು ಹಿಡಿಯಿತು. ಕೆಳಗೆ ಸುತ್ತಿಗೆ ಬಡಿಯುತ್ತಿದ್ದರೆ ಮೇಲೆ ಅಜ್ಜಿಯ ಮುಖ ಎಳೆಯೆಳೆಯಾಗಿ ಮೂಡುತ್ತಿತ್ತು. ಅಂಥ ಸುಖದ ದಿನಗಳನ್ನು ಅವಳು ಕಂಡಿರಲೇ ಇಲ್ಲ. ಬಸ್ಸಿನಲ್ಲಿ ಪಕ್ಕದವರ ಮೂಗು ನೋಡುತ್ತಿದ್ದಳು, ಅಂಗಡಿಯವನ ಕಿವಿ ನೋಡುತ್ತಿದ್ದಳು, ಸಾಬಕ್ಕಿ ಮಾಡುವ ಜವ್ವರಿಸಿ ಮಿಲ್ಲಿನ ಮುಂದೆ ಒಣಹಾಕಿದ ಬಿಳಿಯಲ್ಲಿ ಎಷ್ಟು ಬಗೆಯ ಬಿಳಿ ಇದೆಯೆಂದು ಎಣಿಸುತ್ತಿದ್ದಳು. ಹುಡುಗಿಗೆ ತಲೆ ಕೆಟ್ಟಿದೆ ಎಂದು ಅವ್ವನಿಗೆ ಅನುಮಾನ ಬಂದು ಒಂದು ದಿನ ಮೆಣಸಿನಕಾಯಿ ಉಪ್ಪು ನಿವಾಳಿಸಿದಳು.

ಚಿತ್ರ ಮುಗಿದ ದಿನ ರಾಜಾತಿ ಮನೆಯಿಂದ ಆ ಕನ್ನಡಿಯನ್ನು ಚೀಲದಲ್ಲಿ ಬಚ್ಚಿಟ್ಟು ತಂದಳು. ಅಪ್ಪ ಹತ್ತು ಗಂಟೆಗೆ ಕೂಗುತ್ತಾನೆ, ಕೂಗಲಿ. ಕನ್ನಡಿಯಲ್ಲಿ ನೋಡದೆ ಅವರ ಮನೆಯಲ್ಲಿ ಯಾವುದೂ ಮುಗಿದ ಲೆಕ್ಕವಲ್ಲ, ಕಡೇ ಮಾತು ಕನ್ನಡಿಯದು. ಚಿತ್ರದ ಎದುರು ಅದನ್ನು ಹಿಡಿದಳು. ಒಳಗೆ ಮುನಿರತ್ನಮ್ಮ ಬಾಗಿಲ ಬಿಸಿಲಲ್ಲಿ ಕೂತಿದ್ದಳು, ಬಾಯಲ್ಲಿ ಎಲೆಯಡಿಕೆ, ಇನ್ನೇನು ಬೈಯುತ್ತಾಳೆ. ಒಂದು ಎಳೆ ಕೂಡ ತಪ್ಪಿರಲಿಲ್ಲ. ರಾಜಾತಿಗೆ ಕಣ್ಣು ಮಂಜಾಯಿತು. ಮಾಸ್ಟರು ಹಿಂದೆ ನಿಂತು ನೋಡಿ, ದೊಡ್ಡ ದೊಡ್ಡ ಚಿತ್ರಕಾರರೂ ಹೀಗೆ ಕನ್ನಡಿ ಹಿಡಿದು ತಪ್ಪು ಹುಡುಕುತ್ತಾರೆ, ನಿನಗೆ ಯಾರು ಹೇಳಿಕೊಟ್ಟರು ಎಂದು ತಮಿಳಿನಲ್ಲಿ ಕೇಳಿದರು. ಅವರು ಅಜ್ಜಿಯನ್ನು ಕಂಡವರಲ್ಲ. ಕಂಡಿದ್ದರೆ ಅಲ್ಲೇ ಹೇಳುತ್ತಿದ್ದರೋ ಏನೋ.

ಪೊಂಗಲ್ ಮರುದಿನ ಮಗ್ಗಗಳಿಗೆ ರಜೆ. ಬೀದಿಯಲ್ಲಿ ಕಬ್ಬಿನ ಸಿಪ್ಪೆ ಬಿದ್ದಿತ್ತು, ಜನ ಸುಣ್ಣ ಹೊಡೆದ ಜಗುಲಿಗಳ ಮೇಲೆ ಕೂತು ಹರಟೆ ಹೊಡೆಯುತ್ತಿದ್ದರು. ಅಣ್ಣಯ್ಯಪ್ಪ ಎಲ್ಲರನ್ನೂ ಕರೆದ. ರಾಜಾತಿ ಚಿತ್ರವನ್ನು ರಟ್ಟಿಗೆ ಅಂಟಿಸಿ, ಪಂಚೆಯಲ್ಲಿ ಸುತ್ತಿ ತಂದು ಜಗುಲಿಯ ಕಂಬಕ್ಕೆ ಒರಗಿಸಿದಳು. ಅಜ್ಜಿ ಹಿಂದಿನ ಬೀದಿಯ ಗೆಳತಿ ಮಾರಿಯಮ್ಮನ ಮನೆಗೆ ಸಕ್ಕರೆ ಪೊಂಗಲ್ ಕೊಡಲು ಹೋದವಳು ಇನ್ನೂ ಬಂದಿರಲಿಲ್ಲ. ಅಜ್ಜಿಗಾಗಿ ಕಾಯೋಣ ಎಂದು ರಾಜಾತಿ ಹೇಳುವ ಹಾಗಿಲ್ಲ, ಹೇಳಿದರೆ ಚಿತ್ರ ಯಾರದೆಂಬ ಗುಟ್ಟು ರಟ್ಟಾಗುತ್ತದೆ. ಪಂಚೆ ಸರಿಸಿದಳು.

ಮೊದಲು ಎದ್ದು ಬಂದವನು ಪಳನಿಸ್ವಾಮಿ. ಬೇರೆಯವರ ಬಟ್ಟೆಯಲ್ಲಿ ತಪ್ಪು ಹುಡುಕುವುದೆಂದರೆ ಅವನಿಗೆ ಹಬ್ಬದೂಟ. ಚಿತ್ರ ಕೈಗೆತ್ತಿಕೊಂಡು, ಏನು ಮಾಡಿದ ಹೇಳಿ? ತಿರುಗಿಸಿ ಹಿಂಭಾಗ ನೋಡಿದ. ಹಿಂಭಾಗದಲ್ಲಿ ಸೋಪಿನ ಪೆಟ್ಟಿಗೆಯ ರಟ್ಟು, ಅದರ ಮೇಲೆ ಸೋಪಿನ ಹೆಸರು. ಅದನ್ನೂ ಪೂರ್ತಿ ಓದಿ, ಮತ್ತೆ ಮುಂದಕ್ಕೆ ತಿರುಗಿಸಿ ದೂರ ಹಿಡಿದ, ಹತ್ತಿರ ಹಿಡಿದ. ಸೀರೆ ಸೊಗಸಾಗಿದೆ, ವಾಡಾಮಲ್ಲಿಯನ್ನು ಹೀಗೆ ಬಣ್ಣದಲ್ಲಿ ತರಬಹುದೆಂದು ನನಗೆ ಗೊತ್ತಿರಲಿಲ್ಲ ಎಂದ. ಉಸಿರು ಬಿಗಿಹಿಡಿದಿದ್ದ ರಾಜಾತಿಗೆ ಜೀವ ಬಂದ ಹಾಗಾಯಿತು.

"ಯಾರು ಅಂತ ಯೋಳು," ಅಂದ ಅಣ್ಣಯ್ಯಪ್ಪ.

ಪಳನಿಸ್ವಾಮಿ ಮೀಸೆ ತಿರುವಿದ. ಮುನಿರತ್ನಮ್ಮತ್ತೆಯ ಕಳೆ ಇದೆ, ಆದರೆ ಅವಳಲ್ಲ ಎಂದ. ಎಡಪ್ಪಾಡಿಯಲ್ಲಿ ಅವಳ ತಂಗಿ ಇದ್ದಾಳಲ್ಲ, ಅವಳಿರಬೇಕು. ಇನ್ನೊಬ್ಬರು ಬಂದು ನೋಡಿದರು, ಹೌದು, ತಂಗಿಯೇ ಅಂದರು. ಮೂರನೆಯವರು ತಂಗಿಗೆ ಕಿವಿ ಹರಿದಿಲ್ಲ, ಇದು ಯಾರೋ ದೂರದ ನೆಂಟರು ಅಂದರು. ಆಗ ಪಳನಿಸ್ವಾಮಿಯ ಕಣ್ಣಿಗೆ ಬಿತ್ತು. ಸೆರಗು ಬಲಭುಜದ ಮೇಲಿದೆ. ಮೂಗುತಿ ಎಡಗಡೆ. ಮಚ್ಚೆ ಎಡಗೆನ್ನೆಗೆ ಬಂದು ಕೂತಿದೆ, ಹರಿದ ಕಿವಿ ಬಲಕ್ಕೆ ಹೋಗಿದೆ. ಅವನು ಬಟ್ಟೆಯಲ್ಲಿ ಕಡಿದ ಎಳೆ ತೋರಿಸುವ ಹಾಗೆ ಕಿರುಬೆರಳಿನಿಂದ ಒಂದೊಂದನ್ನೇ ಮುಟ್ಟಿ ತೋರಿಸಿದ. ಜಗುಲಿಯಿಂದ ಜಗುಲಿಗೆ ನಗೆ ಹಬ್ಬಿತು. ಯಾವ ಹೆಂಗಸು ಬಲಕ್ಕೆ ಸೆರಗು ಹಾಕುತ್ತಾಳೆ, ಈ ಹುಡುಗಿ ಅಜ್ಜಿಯ ಮುಖವನ್ನೇ ಸರಿಯಾಗಿ ನೋಡಿಲ್ಲ ಎಂದರು.

ರಾಜಾತಿ ಬಗ್ಗಿ ಚಿತ್ರ ನೋಡಿದಳು. ಹೌದಲ್ಲ. ಎಲ್ಲವೂ ತಿರುವುಮುರುವಾಗಿತ್ತು. ಗ್ರಾಫ್ ಹಾಳೆಯ ಮುಂದೆ ಕೂತ ತಕ್ಷಣ ಹನ್ನೊಂದು ವರ್ಷದ ಅಭ್ಯಾಸದ ಕೈ ನವಿಲನ್ನು ತಿರುಗಿಸಿದ ಹಾಗೆ ಅಜ್ಜಿಯನ್ನೂ ತಿರುಗಿಸಿಬಿಟ್ಟಿತ್ತು. ಕನ್ನಡಿ ಹಿಡಿದು ನೋಡಿದಾಗ ಅದು ಮತ್ತೆ ನೆಟ್ಟಗಾಗಿ ಕಂಡಿತ್ತು. ಬಲಕ್ಕೆ ಸೆರಗು ಹಾಕುವುದು ಈ ಬೀದಿಯ ಪದ್ಧತಿಯಿರಬೇಕು ಎಂದು ಮಾಸ್ಟರೂ ಬಿಟ್ಟಿದ್ದರು. ಎರಡು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ್ದು ಹೀಗಾಯಿತೇ. ಅಪ್ಪನ ಮುಖ ನೋಡಲು ಧೈರ್ಯ ಸಾಲಲಿಲ್ಲ. ಅಣ್ಣಯ್ಯಪ್ಪ ನಗಲಿಲ್ಲ. ಒಳಗಿನ ಖಾಲಿ ಮಗ್ಗದ ಕಡೆಗೊಮ್ಮೆ ನೋಡಿದ, ಅಷ್ಟೆ.

ಆ ಹೊತ್ತಿಗೆ ಬಂದಳು ಮುನಿರತ್ನಮ್ಮ, ಖಾಲಿ ಪಾತ್ರೆ ಸೊಂಟಕ್ಕಿಟ್ಟುಕೊಂಡು. ಜನ ಯಾಕೆ ಗುಂಪುಗೂಡಿದ್ದಾರೆಂದು ಅವಳಿಗೆ ಗೊತ್ತಿಲ್ಲ, ಮೊಮ್ಮಗಳು ತನ್ನನ್ನು ಬರೆದದ್ದಂತೂ ಮೊದಲೇ ಗೊತ್ತಿಲ್ಲ. ಗುಂಪನ್ನು ಮೊಣಕೈಯಿಂದ ಸರಿಸಿ ಮುಂದೆ ಬಂದು ಕಂಬದ ಕಡೆ ನೋಡಿದಳು. ನೋಡಿದವಳು ಪಾತ್ರೆ ಕೆಳಗಿಟ್ಟಳು. ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದು ನಿಂತಿತು.

"ಇದ್ಯಾಕ್ಲಾ," ಎಂದು ಮಗನನ್ನು ಕೇಳಿದಳು, "ನನ್ನ ಈಚೆಗೆ ತಂದು ಬೀದೀಲಿ ಇಟ್ಟಿದೀಯ?"

ನಗುತ್ತಿದ್ದವರು ಒಮ್ಮೆ ಚಿತ್ರವನ್ನು, ಒಮ್ಮೆ ಮುದುಕಿಯನ್ನು ನೋಡಿದರು. ಪಳನಿಸ್ವಾಮಿ ಮಾತ್ರ ಬಿಡುವವನೇ? ಅತ್ತೆ, ನೀನು ಎಂದಾದರೂ ಬಲಕ್ಕೆ ಸೆರಗು ಹಾಕಿದ್ದುಂಟಾ, ಮಚ್ಚೆ ಯಾವ ಕೆನ್ನೆಗಿದೆ ಮುಟ್ಟಿ ನೋಡಿಕೋ ಎಂದ. ಮುನಿರತ್ನಮ್ಮ ಕೆನ್ನೆ ಮುಟ್ಟಿ ನೋಡಿಕೊಳ್ಳಲಿಲ್ಲ. ಹುಚ್ಚನನ್ನು ನೋಡುವ ಹಾಗೆ ಅವನನ್ನು ನೋಡಿದಳು.

"ದಿನಾ ಬೆಳಗ್ಗೆದ್ದು ಕನ್ನಡೀಲಿ ಇವಳನ್ನೇ ಕಣಪ್ಪಾ ನಾನು ನೋಡೋದು. ಇದೇ ಸೆರಗು, ಇದೇ ಮಚ್ಚೆ, ಇದೇ ಅರಿದೋದ ಕಿವಿ. ನನ್ನ ಮಕ ನಿಂಗೆ ಗೊತ್ತಾ, ನಂಗೆ ಗೊತ್ತಾ?"

ಪಳನಿಸ್ವಾಮಿ ತಪ್ಪು ತೋರಿಸಿದ ಕಿರುಬೆರಳನ್ನು ಮಡಚಿಕೊಂಡ. ಅವನ ಜನ್ಮದಲ್ಲಿ ಅದು ಮೊದಲ ಸಲ. ನಿಜ ತಾನೆ? ಆ ಮುದುಕಿ ಒಂದು ಫೋಟೋ ತೆಗೆಸಿಕೊಂಡವಳಲ್ಲ. ಅರವತ್ತು ವರ್ಷದಲ್ಲಿ ತನ್ನ ಮುಖವನ್ನು ಅವಳು ಕಂಡದ್ದು ಆ ಮಗ್ಗದ ಕೆಳಗಿನ ಕನ್ನಡಿಯಲ್ಲಿ ಮಾತ್ರ. ಅಲ್ಲಿ ಸೆರಗು ಬಲಕ್ಕೇ ಇರುತ್ತದೆ. ಇಡೀ ಬೀದಿಗೆ ಗುರುತು ಸಿಕ್ಕದ ಚಿತ್ರದ ಗುರುತು ಯಾರ ಮುಖವೋ ಅವರಿಗೇ ಸಿಕ್ಕಿತ್ತು.

ಅಣ್ಣಯ್ಯಪ್ಪ ಎದ್ದು ಒಳಗೆ ಹೋದ. ಮಗ್ಗದ ಅಡಿಯಿಂದ ಕನ್ನಡಿ ತೆಗೆದುಕೊಂಡು ಬಂದ. ನೇಯ್ಗೆಯ ಕೆಳಗೆ ಹಿಡಿಯುವ ಹಾಗೆಯೇ ಚಿತ್ರದ ಎದುರು ಹಿಡಿದು, ಹಾಗೆಯೇ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದ. ಬಹಳ ಹೊತ್ತು ನೋಡಿದ. ಕನ್ನಡಿಯಲ್ಲಿ ಅವನ ತಾಯಿ ಎಡಭುಜಕ್ಕೆ ಸೆರಗು ಹೊದ್ದು, ಬಲಗೆನ್ನೆಯ ಮಚ್ಚೆಯೊಂದಿಗೆ, ಬೆಳಗಿನ ಬಿಸಿಲಿನಲ್ಲಿ ಅವನನ್ನೇ ನೋಡುತ್ತಿದ್ದಳು. ಅವನು ಪಕ್ಕಕ್ಕೆ ಸರಿದು ಕನ್ನಡಿಯನ್ನು ಪಳನಿಸ್ವಾಮಿಗೆ ತೋರಿಸಿದ. ಪಳನಿಸ್ವಾಮಿ ನೋಡಿ, ತನ್ನ ಹಿಂದಿದ್ದವನನ್ನು ಕರೆದ. ಸಾಲಾಗಿ ನಿಂತು ಒಬ್ಬೊಬ್ಬರೂ ಬಗ್ಗಿ ನೋಡಿದರು. ಕಡೆಯವನು ನೋಡುವವರೆಗೂ ಅಣ್ಣಯ್ಯಪ್ಪ ಕನ್ನಡಿ ಇಳಿಸಲಿಲ್ಲ.

"ನನ್ನ ಮಗಳು ತಪ್ಪು ಮಾಡಿಲ್ಲ," ಎಂದ ಕಡೆಗೆ. "ಮಕ ಕೆಳಗೆ ಮಾಡಿ ನೇಯ್ದವ್ಳೆ. ನಾವು ಬೆನ್ನು ನೋಡಿ ಬೈತಾ ಇದ್ವಿ."

ಆಮೇಲೆ ಅವನು ಮಗಳ ಕಡೆ ತಿರುಗಿ, ನಾಳೆ ಕ್ಲಾಸಿಗೆ ಎಷ್ಟು ಗಂಟೆಯ ಬಸ್ಸು ಎಂದು ಕೇಳಿದ. ರಾಜಾತಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು, ಉತ್ತರ ಹೇಳಿದವಳು ಅವ್ವ ರಾಮಕ್ಕ. ಪಳನಿಸ್ವಾಮಿ ಅಷ್ಟಕ್ಕೇ ಸುಮ್ಮನಾಗಲಿಲ್ಲ, ಮೀಸೆ ಮಾತ್ರ ಬಂದ ತನ್ನ ಹಳೆಯ ಚಿತ್ರವನ್ನು ಯಾವಾಗ ಮುಗಿಸುತ್ತೀಯ ಎಂದು ಶುರುಮಾಡಿದ. ಅವತ್ತು ಆ ಜಗುಲಿಯ ಮೇಲೆ ಖರ್ಚಾದ ಸಕ್ಕರೆ ಪೊಂಗಲ್ಲಿಗೆ ಲೆಕ್ಕವಿಲ್ಲ.

ಸಂಜೆ ರಾಜಾತಿ ಅಜ್ಜಿಯ ಪಕ್ಕ ಕೂತು, ಈ ಸಲ ಎಲ್ಲವನ್ನೂ ಸರಿಯಾದ ಕಡೆಗೆ ಇಟ್ಟು ಇನ್ನೊಂದು ಚಿತ್ರ ಬರೆದುಕೊಡುತ್ತೇನೆ ಎಂದಳು. ಮುನಿರತ್ನಮ್ಮ ರಾಟೆ ನಿಲ್ಲಿಸಿದಳು.

"ಬ್ಯಾಡ ಕಣವ್ವಾ. ನೀವೆಲ್ಲ ನೋಡೋ ಮುನಿರತ್ನಮ್ಮ ಎಂಗವ್ಳೋ ನಂಗೊತ್ತಿಲ್ಲ. ನಾನು ಅವಳನ್ನ ಒಂದಿನಾನೂ ಕಂಡಿಲ್ಲ. ಇವಳು ನಂಗೊತ್ತು. ಇವಳನ್ನ ನಾನೊಬ್ಳೇ ಕಂಡಿದ್ದೆ, ಈಗ ನೀನೂ ಕಂಡೆ."

ರಾಜಾತಿ ಮುಂದಿನ ವರ್ಷ ಪರೀಕ್ಷೆ ಪಾಸು ಮಾಡಿದಳು. 1974ರಲ್ಲಿ ಧರ್ಮಪುರಿ ಕಡೆಯ ಒಂದು ಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿ ಸೇರಿದಳು. ಕುರಿ ಕಾಯುವ ಮನೆಗಳ ಮಕ್ಕಳು ಅವಳ ಕ್ಲಾಸಿಗೆ ಬಂದು ಮೊದಲು ಬರೆಯುತ್ತಿದ್ದದ್ದು ಕುರಿಯನ್ನು, ಅದೂ ಹಿಂದಿನಿಂದ, ಏಕೆಂದರೆ ಅವರು ದಿನವೆಲ್ಲ ಕುರಿಗಳ ಹಿಂದೆಯೇ ನಡೆಯುವವರು. ಬೇರೆ ಟೀಚರಾಗಿದ್ದರೆ ಅಳಿಸಿ ಬೇರೆ ಬರೆಯಲು ಹೇಳುತ್ತಿದ್ದರು. ರಾಜಾತಿ ಅಳಿಸಲು ಬಿಡುತ್ತಿರಲಿಲ್ಲ. ಬಾಲ ಇನ್ನೂ ಚೆನ್ನಾಗಿ ಬರಲಿ ಎನ್ನುತ್ತಿದ್ದಳು.

ರಜೆಯಲ್ಲಿ ಊರಿಗೆ ಬಂದಾಗ ಅವಳು ಒಂದು ಸಂಗತಿ ಗಮನಿಸಿದಳು. ಹತ್ತು ಗಂಟೆಗೆ ಅಪ್ಪ ಕನ್ನಡಿಗಾಗಿ ಕೂಗಲಿಲ್ಲ. ಕನ್ನಡಿ ಮಗ್ಗದ ಅಡಿಯಲ್ಲೇ ಇತ್ತು, ಇಟ್ಟ ಜಾಗದಲ್ಲೇ. ಮರುದಿನ ಬೇಗ ಎದ್ದು ನೋಡಿದಳು. ಮುನಿರತ್ನಮ್ಮ ಮುಖ ತೊಳೆದು ಬಂದು, ಗೋಡೆಗೆ ತೂಗುಹಾಕಿದ ಚಿತ್ರದ ಮುಂದೆ ನಿಂತು, ಅದನ್ನೇ ನೋಡುತ್ತ ಹಣೆಗೆ ನೆಟ್ಟಗೆ ವಿಭೂತಿ ಇಟ್ಟುಕೊಂಡಳು. ಆಮೇಲೆ ಹೋಗಿ ರಾಟೆಯ ಮುಂದೆ ಕೂತಳು.